ನೋವಿನ ಗುಳಿಗೆ ಉಸಿರನ್ನೂ ನಿಲ್ಲಿಸುತ್ತದೆ: ಬ್ರೂಸ್‌ಪೇಟೆಯ ಮನೆಗಳು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಗಳಿಗೆ, ಜೀನ್ಸ್ ಹೊಲಿಯುವ ಘಟಕಗಳಿಗೆ, ಮೆಡಿಕಲ್ ಶಾಪುಗಳಿಗೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರಿಗೆ, ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ದಿನವಿಡೀ ಬೆನ್ನು ಬಗ್ಗಿಸುವವರಿಗೂ ಇದು ಅನ್ವಯಿಸುತ್ತದೆ. ವಿಷಯ ಒಪಿಯಾಯ್ಡ್ ಔಷಧಗಳದ್ದು. ಮೂಲ ಅಫೀಮು. ಅದರಿಂದ ತೆಗೆದದ್ದು ಮಾರ್ಫಿನ್ ಮತ್ತು ಕೊಡೀನ್, ಮಾರ್ಫಿನ್ನಿಂದ ಮಾಡಿದ್ದು ಹೆರಾಯಿನ್. ಕಾರ್ಖಾನೆಯಲ್ಲೇ ತಯಾರಾದವು ಟ್ರಮಡಾಲ್, ಟ್ಯಾಪೆಂಟಡಾಲ್, ಪೆಂಟಜೋಸಿನ್, ಫೆಂಟನಿಲ್. ಕೊನೆಯ ಸಾಲಿನವು ನಿಮ್ಮ ಮನೆಯ ಕಪಾಟಿನಲ್ಲೇ ಇರಬಹುದು. ಹಲ್ಲು ಕೀಳಿಸಿದಾಗ, ಕಾಲು ಮುರಿದಾಗ, ಆಪರೇಷನ್ ಆದಾಗ ಕೊಟ್ಟು, ಉಳಿದು, ಯಾರೂ ಬಿಸಾಡದೆ ಇಟ್ಟ ಪಟ್ಟಿಗಳಲ್ಲಿ ನೋಡಿ.

"ಅದೆಲ್ಲ ಪಂಜಾಬಿನ ಕಥೆ" ಎನ್ನುವವರಿಗೆ ಒಂದು ಲೆಕ್ಕ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ದೇಶವಿಡೀ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಶೇ. 2ಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 2.26 ಕೋಟಿ ಜನ ಒಪಿಯಾಯ್ಡ್ ಬಳಸುವವರು. ಹೆರಾಯಿನ್ ಪಾಲು ಶೇ. 1.14. ಔಷಧದ ಗುಳಿಗೆ, ಸಿರಪ್, ಸೂಜಿಮದ್ದುಗಳ ಪಾಲು ಶೇ. 0.96. ಹೊಲದ ಅಫೀಮು ಶೇ. 0.52. ಕಳ್ಳಸಾಗಣೆಯ ಹೆರಾಯಿನ್ನಿಗೂ ಅಂಗಡಿಯ ಔಷಧಕ್ಕೂ ಹೆಚ್ಚು ಅಂತರವಿಲ್ಲ. ಅಂದಮೇಲೆ ಕಾವಲು ಗಡಿಯಲ್ಲಿ ಮಾತ್ರ ಇದ್ದರೆ ಸಾಲದು, ಮನೆಯ ಕಪಾಟಿಗೂ ಬೇಕು.

ಒಳಗೆ ಏನಾಗುತ್ತದೆ ಎಂದು ಮೊದಲು ತಿಳಿಯಿರಿ

ಕಾರಣ ಗೊತ್ತಿಲ್ಲದ ನಿಯಮವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ. ಆದ್ದರಿಂದ ಬೇಕು-ಬೇಡಗಳಿಗಿಂತ ಮುಂಚೆ ಕಾರಣ ಹೇಳುತ್ತೇನೆ.

ನೋವು ತಗ್ಗಿಸುವ ರಾಸಾಯನಿಕವನ್ನು ನಮ್ಮ ದೇಹ ತಾನೇ ತಯಾರಿಸುತ್ತದೆ. ಅಫೀಮಿನ ಅಂಶ ಹೋಗಿ ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿವೆ ಎಂದು ತೋರಿಸಿದ್ದು 1973ರಲ್ಲಿ. ಆ ಗ್ರಾಹಕಗಳಿಗಾಗಿಯೇ ಮಿದುಳು ತಯಾರಿಸುವ ಎನ್‌ಕೆಫಲಿನ್ ಎಂಬ ವಸ್ತು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1975ರಲ್ಲಿ ಸಿಕ್ಕಿತು. ಎಂಡಾರ್ಫಿನ್ ಕೂಡ ಇದೇ ಬಳಗದ್ದು. ದೇಹ ಇವನ್ನು ಬೇಕಾದಾಗ ಬೇಕಾದಷ್ಟೇ ಬಿಟ್ಟು, ಕೂಡಲೇ ಒಡೆದು ಹಾಕುತ್ತದೆ. ಗುಳಿಗೆಗೆ ಆ ಮಿತಿಯಿಲ್ಲ. ಅದು ಅದೇ ಗ್ರಾಹಕಗಳ ಮೇಲೆ ಗಂಟೆಗಟ್ಟಲೆ ಕೂರುತ್ತದೆ.

ಈ ಗ್ರಾಹಕಗಳು ಒಂದೇ ಕಡೆ ಇಲ್ಲ ಎನ್ನುವುದೇ ತೊಂದರೆಯ ಬೇರು. ಬೆನ್ನುಹುರಿಯಲ್ಲಿವೆ, ಅಲ್ಲಿ ನೋವಿನ ಸುದ್ದಿ ಮೇಲೇರದಂತೆ ತಡೆಯುತ್ತವೆ. ಮಿದುಳಿನ ಭಾವನೆಯ ಭಾಗಗಳಲ್ಲಿವೆ, ಅಲ್ಲಿ ನೋವಿದ್ದರೂ ಅದರ ಚಿಂತೆ ಹೋಗುತ್ತದೆ. ಕರುಳಿನ ನರಜಾಲದಲ್ಲಿವೆ, ಅಲ್ಲಿ ಕರುಳಿನ ಚಲನೆ ನಿಧಾನವಾಗಿ ಮಲ ಕಟ್ಟುತ್ತದೆ. ಕಣ್ಣಿನ ಪಾಪೆಯನ್ನು ಹಿಡಿತದಲ್ಲಿಡುವ ನರಕೇಂದ್ರದಲ್ಲಿವೆ, ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಮಿದುಳಿನ ಕಾಂಡದಲ್ಲಿಯೂ ಇವೆ, ಕೆಮ್ಮು ಮತ್ತು ಉಸಿರಿನ ಕೇಂದ್ರಗಳಿರುವುದು ಅಲ್ಲಿಯೇ. ನೋವು ಮಾತ್ರ ಹೋಗಲಿ, ಉಳಿದದ್ದೆಲ್ಲ ಇದ್ದಂತೆ ಇರಲಿ ಎಂದರೆ ಈ ಔಷಧ ಕೇಳುವುದಿಲ್ಲ.

ಉಸಿರಿನ ಮಾತು ಇನ್ನಷ್ಟು ಬಿಡಿಸಿ ಹೇಳಬೇಕು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ಕಾಂಡ ಅದನ್ನು ಗುರುತಿಸಿ "ಉಸಿರಾಡು" ಎಂದು ಆಜ್ಞೆ ಕೊಡುತ್ತದೆ. ನೀರಿನಲ್ಲಿ ಮುಳುಗಿದವನು ಒದ್ದಾಡುವುದು ಈ ಆಜ್ಞೆಯಿಂದಲೇ. ಒಪಿಯಾಯ್ಡ್ ಈ ಗುರುತಿಸುವ ಶಕ್ತಿಯನ್ನೇ ಮಂಕು ಮಾಡುತ್ತದೆ. ಉಸಿರು ನಿಮಿಷಕ್ಕೆ 14 ಇದ್ದದ್ದು 10ಕ್ಕೆ, 6ಕ್ಕೆ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಕೂಗಾಟವಿಲ್ಲ, ಒದ್ದಾಟವಿಲ್ಲ, ಉಸಿರುಕಟ್ಟಿದ ಭಯವೂ ಇಲ್ಲ. ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ. ಉಸಿರು ಪೂರ್ತಿ ನಿಂತು ಆಮ್ಲಜನಕ ಸಿಗದಾದರೆ ನಾಲ್ಕೈದು ನಿಮಿಷದಲ್ಲೇ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ.

ಇನ್ನು ಚಟ. ಸಂತೋಷದ ಡೋಪಮಿನ್ ಸುರಿಸುವ ನರಕೋಶಗಳನ್ನು ಹದ್ದುಬಸ್ತಿನಲ್ಲಿಡಲು ಬೇರೆ ಕೋಶಗಳಿವೆ. ಅದಿರು ತುಂಬಿದ ಲಾರಿ ಇಳಿಜಾರಿನಲ್ಲಿದ್ದಾಗ ಬ್ರೇಕಿನ ಮೇಲಿಂದ ಕಾಲು ತೆಗೆದರೆ ಏನಾಗುತ್ತದೋ, ಒಪಿಯಾಯ್ಡ್ ಬಂದಾಗ ಅಲ್ಲಿ ಅದೇ ಆಗುತ್ತದೆ. ಮಿದುಳು ಆ ಕ್ಷಣವನ್ನು ನೆನಪಿಟ್ಟುಕೊಳ್ಳುತ್ತದೆ. ದಿನಾ ನುಂಗಿದರೆ ಗ್ರಾಹಕಗಳು ಮೊಂಡಾಗುತ್ತವೆ, ಒಂದು ಗುಳಿಗೆಯ ಕೆಲಸಕ್ಕೆ ಎರಡು ಬೇಕು, ಮೂರು ಬೇಕು. ಮೋಸವಿರುವುದು ಇಲ್ಲಿಯೇ. ಸುಖಕ್ಕೆ ದೇಹ ಬೇಗ ಒಗ್ಗಿಕೊಳ್ಳುತ್ತದೆ, ಉಸಿರಿನ ಮೇಲಿನ ಪರಿಣಾಮಕ್ಕೆ ಅಷ್ಟು ಬೇಗ ಒಗ್ಗುವುದಿಲ್ಲ, ಮಲಬದ್ಧತೆಗೆ ಒಗ್ಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಸುಖ ಕೊಡುವ ಪ್ರಮಾಣ ದಿನೇ ದಿನೇ ಏರುತ್ತ, ಉಸಿರು ನಿಲ್ಲಿಸುವ ಪ್ರಮಾಣದ ಹತ್ತಿರ ಹತ್ತಿರ ಹೋಗುತ್ತದೆ. "ನನಗೆ ರೂಢಿ ಐತೆ, ಏನೂ ಆಗಲ್ಲ" ಎನ್ನುವವನೇ ಹೆಚ್ಚು ಅಪಾಯದಲ್ಲಿರುವವನು.

ತಿಂಗಳುಗಟ್ಟಲೆ ನುಂಗಿದವರ ದೇಹದಲ್ಲಿ ಇನ್ನೂ ಕೆಲವು ಬದಲಾವಣೆ ಆಗುತ್ತವೆ. ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಇಳಿಯುತ್ತದೆ, ಹೆಂಗಸರಲ್ಲಿ ಮುಟ್ಟು ತಪ್ಪುತ್ತದೆ. ಮೂತ್ರ ಕಟ್ಟುತ್ತದೆ, ಮೈ ತುರಿಸುತ್ತದೆ. ಕೆಲವರಲ್ಲಿ ನೋವಿನ ಅರಿವೇ ಹೆಚ್ಚಾಗಿ, ಮೊದಲು ಸೊಂಟ ಮಾತ್ರ ನೋಯುತ್ತಿದ್ದವರಿಗೆ ಮೈಯೆಲ್ಲ ನೋಯತೊಡಗುತ್ತದೆ. ಅವರು ಇನ್ನೊಂದು ಗುಳಿಗೆ ನುಂಗುತ್ತಾರೆ.

ಗುಳಿಗೆ ಕೈಗೆ ಬಂದಾಗ

ಗುಳಿಗೆ ಪಟ್ಟಿಯನ್ನು ತಿರುಗಿಸಿ ನೋಡಿ. ಕೆಂಪು ಅಕ್ಷರದಲ್ಲಿ ಎನ್‌ಆರ್‌ಎಕ್ಸ್ ಎಂದಿದ್ದರೆ ಅದು ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೂ ಬರುವ ಔಷಧ. ಟ್ರಮಡಾಲನ್ನು ಆ ಕಾಯ್ದೆಯಡಿ ತಂದದ್ದು 2018ರ ಏಪ್ರಿಲ್‌ನಲ್ಲಿ.

ವೈದ್ಯರು ಬರೆದಾಗ "ಇದು ಒಪಿಯಾಯ್ಡಾ? ಎಷ್ಟು ದಿನ? ಹೇಗೆ ನಿಲ್ಲಿಸಬೇಕು?" ಎಂದು ಕೇಳಿ. ಕೇಳಿದರೆ ಡಾಕ್ಟರ್ ಸಿಟ್ಟಾಗುತ್ತಾರೆ ಎಂದು ಹಿಂಜರಿಯಬೇಡಿ, ಅದು ನಿಮ್ಮ ಹಕ್ಕು. ಗೊರಕೆಯ ತೊಂದರೆ, ಆಸ್ತಮಾ, ಮೂರ್ಛೆರೋಗ, ಕಿಡ್ನಿ ಅಥವಾ ಲಿವರ್ ಕಾಯಿಲೆ, ಕುಡಿತ, ನಿದ್ದೆ ಗುಳಿಗೆ ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಿ. ಮುಚ್ಚಿಡಬೇಡಿ.

ಸೊಂಟ ಹಿಡಿಯಿತೆಂದು ಒಪಿಯಾಯ್ಡ್ ಕೇಳಿ ಪಡೆಯಬೇಡಿ. ಇದನ್ನು ಹಮಾಲರಿಗೆ, ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ, ಗಣಿ ಲಾರಿ ಓಡಿಸುವವರಿಗೆ ಒತ್ತಿ ಹೇಳುತ್ತಿದ್ದೇನೆ. ಹೊಸದಾಗಿ ಹಿಡಿದ ಸೊಂಟ ಮತ್ತು ಕತ್ತಿನ ನೋವಿಗೆ ಒಪಿಯಾಯ್ಡ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ವಾರಗಳ ಕೊನೆಯಲ್ಲಿ ಒಪಿಯಾಯ್ಡ್ ನುಂಗಿದವರಿಗೂ ಔಷಧವೇ ಇಲ್ಲದ ಸಪ್ಪೆ ಗುಳಿಗೆ ನುಂಗಿದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಟದ ಅಪಾಯವನ್ನು ತಲೆಮೇಲೆ ಹೊತ್ತು ಸಿಗುವುದು ಅಷ್ಟೇ ಎಂದಾದರೆ ಅದನ್ನು ಏಕೆ ನುಂಗಬೇಕು?

ಹೆಸರಿಲ್ಲದ ಪೊಟ್ಟಣದ ಗುಳಿಗೆ ನುಂಗಬೇಡಿ. ನಾಲ್ಕು ಬಣ್ಣದ ನಾಲ್ಕು ಗುಳಿಗೆ ಕಾಗದದಲ್ಲಿ ಸುತ್ತಿ "ಮೂರು ದಿನ ತಗೊಳ್ರಿ, ನೋವು ಹೋಗ್ತದೆ" ಎಂದು ಕೊಡುವವರು ಯಾರೇ ಇರಲಿ, ಗುಳಿಗೆಯ ಹೆಸರು ಬರೆದು ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಗುಳಿಗೆ ಬಹಳ ಕಡೆ ಬರೆಯುತ್ತಾರೆ. ಒಂದರಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಅದರ ಜೊತೆಗೆ ಜ್ವರಕ್ಕೆಂದು ಡೋಲೊ 650 ಸೇರಿಸಿ ಸೇರಿಸಿ ನುಂಗಬೇಡಿ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಪ್ಯಾರಾಸಿಟಮಾಲ್ ಮೇಲಿನ ಮಿತಿ, ಅದು ದಾಟಿದರೆ ಲಿವರ್‌ಗೆ ಪೆಟ್ಟು. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರುತ್ತದೆ. ಖಿನ್ನತೆಯ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ದಿನಗಟ್ಟಲೆ ನುಂಗಬೇಕಾಗಿ ಬಂದರೆ ಮಲಬದ್ಧತೆಗೂ ಔಷಧ ಬರೆಸಿಕೊಳ್ಳಿ. ಏಪ್ರಿಲ್-ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಿ ದೇಹ ನೀರು ಕಳೆದುಕೊಂಡಾಗ ಇದು ಸಣ್ಣ ತೊಂದರೆಯಾಗಿ ಉಳಿಯುವುದಿಲ್ಲ. ನುಂಗಿ ಲಾರಿ, ಟ್ರ್ಯಾಕ್ಟರ್, ಬೈಕ್ ಓಡಿಸಬೇಡಿ. ಹತ್ತಿ ಜಿನ್ನಿಂಗ್ ಯಂತ್ರದ ಹತ್ತಿರವೂ ಹೋಗಬೇಡಿ.

ಉಳಿದ ಗುಳಿಗೆಯನ್ನು ಅಕ್ಕಪಕ್ಕದವರಿಗೆ ದಾನ ಮಾಡಬೇಡಿ. "ನನಗೆ ಇದರಿಂದಲೇ ಕಡಿಮೆ ಆಯ್ತು" ಎಂಬ ಶಿಫಾರಸು ಕೊಡಬೇಡಿ. ಕಸದ ಬುಟ್ಟಿಗೂ ಹಾಕಬೇಡಿ, ಮಕ್ಕಳ ಕೈಗೆ, ದನಗಳ ಬಾಯಿಗೆ ಹೋಗುತ್ತದೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಗಳ ಪಟ್ಟಿ ಮಾಡಿ, ಇವು ಮನೆಯಲ್ಲಿ ಉಳಿದರೆ ಶೌಚಾಲಯದಲ್ಲಿ ನೀರು ಸುರಿದು ಹರಿಯಬಿಡಿ ಎಂದಿದೆ. ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್, ಮಾರ್ಫಿನ್ ಅದರಲ್ಲಿವೆ. ಬೇರೆ ಔಷಧಕ್ಕೆ ಈ ಕ್ರಮ ಬೇಡ, ಇವಕ್ಕೆ ಮಾತ್ರ.

ಬೆರಕೆ ಬೇಡ

ಒಪಿಯಾಯ್ಡ್ ಜೊತೆ ಸಾರಾಯಿ, ಬ್ರ್ಯಾಂಡಿ, ಬಿಯರ್ ಯಾವುದೂ ಕೂಡದು. ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್ ನಿದ್ದೆ ಗುಳಿಗೆಗಳು ಕೂಡದು. ನರನೋವಿಗೆ ಬರೆಯುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಇದ್ದರೆ ವೈದ್ಯರಿಗೆ ತಿಳಿಸದೆ ಸೇರಿಸಕೂಡದು. ಒಂದೊಂದೂ ಉಸಿರನ್ನು ಸ್ವಲ್ಪ ಸ್ವಲ್ಪ ತಗ್ಗಿಸುತ್ತದೆ, ಎರಡು ಕೂಡಿದರೆ ನಿಲ್ಲಿಸಬಲ್ಲದು.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖ ಇದೆ. ರಾಯಚೂರು ಭಾಗದಲ್ಲಿ ಮತ್ತು ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಸಿ.ಎಚ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ಜೊತೆಗೆ ಆಲ್ಪ್ರಜೋಲಾಮ್, ಡಯಾಜೆಪಾಮ್ ಬೆರೆಸುವ ದಂಧೆ ಹಳೆಯದು. ಇವು ಒಪಿಯಾಯ್ಡ್ ಅಲ್ಲ, ಮಂಪರು ಔಷಧಗಳು. ಆದರೆ ಅಂಥ ಸೇಂದಿ ಕುಡಿದವನು ಕೈಕಾಲು ನೋವೆಂದು ಮೇಲೊಂದು ಟ್ರಮಡಾಲ್ ನುಂಗಿದರೆ, ತಾನು ಏನೇನು ಬೆರೆಸಿದೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಆಸ್ಪತ್ರೆಯಲ್ಲಿ ಹೇಳುವವರೂ ಇರುವುದಿಲ್ಲ.

ಟ್ಯಾಪೆಂಟಡಾಲನ್ನು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಜೊತೆ ಸೇರಿಸಿದ ಗುಳಿಗೆಗಳನ್ನು ಭಾರತದ ಕಂಪನಿಯೊಂದು ಪಶ್ಚಿಮ ಆಫ್ರಿಕಾಕ್ಕೆ ಕಳಿಸುತ್ತಿದ್ದದ್ದು 2025ರ ಫೆಬ್ರುವರಿಯಲ್ಲಿ ಬಯಲಾದ ಮೇಲೆ, ಕೇಂದ್ರ ಸರ್ಕಾರ ಆ ಜೋಡಿಯ ತಯಾರಿಕೆ ಮತ್ತು ರಫ್ತಿನ ಅನುಮತಿ ಹಿಂತೆಗೆಯಿತು. ಗುಳಿಗೆ ಇಲ್ಲಿಂದ ಹೋಗಿ ಅಲ್ಲಿಯ ಹುಡುಗರನ್ನು ಕೆಡವಬಲ್ಲದಾದರೆ ಇಲ್ಲಿಯ ಹುಡುಗರನ್ನು ಬಿಟ್ಟೀತೆ?

ಗುಳಿಗೆಯನ್ನು ಪುಡಿಮಾಡಿ ನೀರಲ್ಲಿ ಕರಗಿಸಿ ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಗುಳಿಗೆಗೆ ಹಾಕಿದ ಪುಡಿಗಳು ರಕ್ತನಾಳ ಮುಚ್ಚುತ್ತವೆ, ಶ್ವಾಸಕೋಶ ಸೇರುತ್ತವೆ. ಪೆಂಟಜೋಸಿನ್ ಸೂಜಿಯನ್ನು ಮತ್ತೆ ಮತ್ತೆ ಚುಚ್ಚಿಸಿಕೊಂಡವರ ತೊಡೆ, ತೋಳು ಕಲ್ಲಿನಂತೆ ಗಟ್ಟಿಯಾಗಿ ಹುಣ್ಣಾಗುತ್ತವೆ. ಒಂದೇ ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಹರಡುತ್ತವೆ.

ಮಕ್ಕಳು, ಬಸುರಿ, ಬಾಣಂತಿ

ಮಗು ಮಲಗಲೆಂದು ಕೆಮ್ಮಿನ ಸಿರಪ್ ಕುಡಿಸಬೇಡಿ. ಒಂದು ಕಾಲದಲ್ಲಿ ಮುಂಬೈಯ ಬಟ್ಟೆ ಗಿರಣಿಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರು ಕೂಸು ಅಳದಿರಲೆಂದು ಬಾಲಗೋಲಿ ಎಂಬ ಅಫೀಮಿನ ಗುಳಿಗೆ ತಿನ್ನಿಸುತ್ತಿದ್ದರು. ಅವರಿಗೆ ಬೇರೆ ದಾರಿಯಿರಲಿಲ್ಲ, ಕೂಸು ನೋಡಿಕೊಳ್ಳುವವರೂ ಇರಲಿಲ್ಲ. ಇಂದು ಅಂಗನವಾಡಿ ಇದೆ, ಅಜ್ಜಿ ಇದ್ದಾಳೆ. ಕೊಡೀನ್ ಇರುವ ಸಿರಪ್ ಅದೇ ಅಫೀಮಿನ ಮೊಮ್ಮಗ.

ಕೊಡೀನ್ ಹೊಟ್ಟೆಗೆ ಹೋದ ಮೇಲೆ ಲಿವರ್ ಅದನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. ಕೆಲವರ ಲಿವರ್ ಹುಟ್ಟಿನಿಂದಲೇ ಈ ಕೆಲಸವನ್ನು ಅತಿ ವೇಗವಾಗಿ ಮಾಡುತ್ತದೆ. ಅಂಥ ಮಗುವಿಗೆ ಚಮಚದ ಅಳತೆ ಸರಿಯಿದ್ದರೂ ಪ್ರಮಾಣ ಮೀರಿಬಿಡುತ್ತದೆ. ಯಾವ ಮಗು ಅಂಥದ್ದು ಎಂದು ಮುಖ ನೋಡಿ ಹೇಳಲಾಗದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೋವಿಗೆ ಕೊಡೀನ್ ಕೂಡದು, ನೋವಿಗೆ ಟ್ರಮಡಾಲ್ ಕೂಡದು ಎಂದದ್ದು ಈ ಕಾರಣಕ್ಕೆ. ಮೊಲೆಯುಣಿಸುವ ತಾಯಿಯೂ ಇವೆರಡನ್ನು ನುಂಗಬಾರದು.

ಭೇದಿ ನಿಲ್ಲಿಸುವ ಡೈಫಿನಾಕ್ಸಿಲೇಟ್, ಲೋಪೆರಮೈಡ್ ಕೂಡ ಒಪಿಯಾಯ್ಡ್ ಬಳಗದವೇ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಡೈಫಿನಾಕ್ಸಿಲೇಟ್ ಚಿಕ್ಕ ಮಕ್ಕಳ ಉಸಿರು ನಿಲ್ಲಿಸಬಲ್ಲದು. ಮಗುವಿಗೆ ಭೇದಿಯಾದರೆ ಓಆರ್‌ಎಸ್ ನೀರು, ಜಿಂಕ್, ಎದೆಹಾಲು. "ಹೊಟ್ಟೆ ಕಟ್ಟೋ ಗುಳಿಗೆ" ಬೇಡ.

ಬಸುರಿಗೆ ಈ ಗುಳಿಗೆಗಳ ಚಟವಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಕೂಸಿಗೆ ಅಪಾಯ. ಅವಳನ್ನು ಬಯ್ಯಬೇಡಿ. ಹೆರಿಗೆಯಾಗುವ ಆಸ್ಪತ್ರೆಗೆ ಮೊದಲೇ ತಿಳಿಸಿ. ಹುಟ್ಟಿದ ಕೂಸು ಬಿಡದೆ ಚೀರುವುದು, ನಡುಗುವುದು, ಹಾಲು ಕುಡಿಯದಿರುವುದು ಮಾಡಿದರೆ ಅದು ದೃಷ್ಟಿಯೂ ಅಲ್ಲ, ಗಾಳಿಯೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ.

ಗೊರಕೆ ಬದಲಾದರೆ

ಈ ಸೂಚನೆಯಲ್ಲಿ ಒಂದೇ ಭಾಗ ಓದುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಓದಿ.

ಗುಳಿಗೆ ನುಂಗಿದವರೋ ಚುಚ್ಚಿಕೊಂಡವರೋ ಮಲಗಿದ್ದಾರೆ. ಗಂಟಲಲ್ಲಿ ಗುಳುಗುಳು ಸದ್ದು, ಇಲ್ಲವೇ ಎಂದೂ ಇಲ್ಲದ ಆಳದ ಗೊರಕೆ, ನಡುನಡುವೆ ಉಸಿರು ನಿಂತು ಮತ್ತೆ ಬರುತ್ತಿದೆ. ಮನೆಯಲ್ಲಿ ಯಾರೋ ಹೇಳುತ್ತಾರೆ: "ಮಲಗ್ಲಿ ಬಿಡಪ್ಪ, ಸುಸ್ತಾಗೈತೆ." ಆ ಮಾತು ಕೇಳಬೇಡಿ. ಅದು ನಿದ್ದೆಯಲ್ಲ.

ಹೆಸರು ಹಿಡಿದು ಕೂಗಿ. ಭುಜ ಅಲುಗಿಸಿ. ಎದೆಯ ನಡುಮೂಳೆಯ ಮೇಲೆ ಮುಷ್ಟಿಯ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಕಣ್ಣು ತೆರೆಯದಿದ್ದರೆ ರೆಪ್ಪೆ ಎತ್ತಿ ನೋಡಿ, ಪಾಪೆ ಸೂಜಿಮೊನೆಯಂತಿದೆಯೇ? ಉಸಿರು ಎಣಿಸಿ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಇರಬೇಕು. 10ಕ್ಕಿಂತ ಕಡಿಮೆಯಾದರೆ ಕಾಯಬೇಡಿ. ನಮ್ಮ ಬಣ್ಣದವರಲ್ಲಿ ನೀಲಿ ಬೇಗ ಕಾಣುವುದಿಲ್ಲ, ಆದ್ದರಿಂದ ತುಟಿಯ ಒಳಭಾಗ, ವಸಡು, ಉಗುರಿನ ಬುಡ ನೋಡಿ. ಅಲ್ಲಿ ಬೂದಿ ಬಣ್ಣ ಇಲ್ಲವೇ ನೀಲಿ ಕಂಡರೆ ಹೊತ್ತು ಮೀರುತ್ತಿದೆ.

108ಕ್ಕೆ ಕರೆ ಮಾಡಿ. "ಉಸಿರು ನಿಂತೈತೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ, ಕಥೆ ಆಮೇಲೆ. ಅಂಗಾತ ಮಲಗಿಸಿ, ಬಾಯಲ್ಲಿ ಗುಟ್ಕಾ, ವಾಂತಿ, ಹಲ್ಲುಸೆಟ್ಟು ಇದ್ದರೆ ತೆಗೆಯಿರಿ. ಹಣೆ ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿ. ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದಾರು ಸೆಕೆಂಡಿಗೆ ಒಮ್ಮೆ ಊದಿ, ಎದೆ ಏಳುತ್ತಿದೆಯೇ ನೋಡಿ. ಇಲ್ಲಿ ಮೊದಲು ನಿಲ್ಲುವುದು ಹೃದಯವಲ್ಲ, ಉಸಿರು. ಹಾಗಾಗಿ ನೀವು ಊದುವ ಗಾಳಿಗೆ ಬೆಲೆಯಿದೆ. ನಾಡಿಯೂ ಸಿಗದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ವೇಗವಾಗಿ ಅದುಮುತ್ತಿರಿ. ಉಸಿರು ತಾನಾಗಿ ಬರುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿ ಶ್ವಾಸನಾಳಕ್ಕೆ ಹೋಗಬಾರದು.

ಹುಣಸೆ ನೀರು, ಉಪ್ಪುನೀರು, ನಿಂಬೆರಸ, ಮಜ್ಜಿಗೆ ಏನನ್ನೂ ಕುಡಿಸಬೇಡಿ. ಬೆರಳಿಟ್ಟು ವಾಂತಿ ಮಾಡಿಸಬೇಡಿ. ತಲೆಮೇಲೆ ಕೊಡ ನೀರು ಸುರಿಯಬೇಡಿ. ಎಬ್ಬಿಸಿ ನಡೆದಾಡಿಸಬೇಡಿ. ಒಬ್ಬರನ್ನೇ ಬಿಟ್ಟು ಎಲ್ಲರೂ ಆಟೋ ಹುಡುಕಲು ಓಡಬೇಡಿ. ಗುಳಿಗೆಯ ಖಾಲಿ ಪಟ್ಟಿ, ಸಿರಪ್ ಬಾಟಲಿ, ಸಿಕ್ಕಿದ್ದೆಲ್ಲ ಜೊತೆಗೆ ಒಯ್ಯಿರಿ.

ಆಸ್ಪತ್ರೆಯಲ್ಲಿ ನಲಾಕ್ಸೋನ್ ಎಂಬ ಸೂಜಿಮದ್ದು ಇದೆ. ಅದು ಗ್ರಾಹಕಗಳ ಮೇಲೆ ಕೂತ ಒಪಿಯಾಯ್ಡನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ, ರಕ್ತಕ್ಕೆ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಬಲ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಗುಳಿಗೆ ಅದಕ್ಕಿಂತ ಹೆಚ್ಚು ಹೊತ್ತು ರಕ್ತದಲ್ಲಿರುತ್ತದೆ. ಎದ್ದು ಕೂತನೆಂದು ಸಹಿ ಹಾಕಿ ಮನೆಗೆ ಕರೆತರಬೇಡಿ, ದಾರಿಯಲ್ಲೇ ಮತ್ತೆ ಉಸಿರು ನಿಲ್ಲಬಹುದು. ವೈದ್ಯರು ಬಿಡುವವರೆಗೆ ಇರಲಿ.

ಪೊಲೀಸ್ ಕೇಸಾಗುತ್ತದೆ ಎಂದು ಮನೆಯಲ್ಲೇ ಇಟ್ಟುಕೊಂಡು ಕಾಯುವುದು ಎಲ್ಲಕ್ಕಿಂತ ಕೆಟ್ಟ ನಿರ್ಧಾರ. ತುರ್ತು ರೋಗಿಗೆ ಮೊದಲು ಚಿಕಿತ್ಸೆ, ಕಾನೂನಿನ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ, ಸರ್ಕಾರಿ ಆಸ್ಪತ್ರೆಗೂ ಖಾಸಗಿಗೂ ಅದು ಒಂದೇ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆಯ ಆರೋಪ ಇರುವ ಇಲ್ಲವೇ ಅಲ್ಪ ಪ್ರಮಾಣ ಇಟ್ಟುಕೊಂಡ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮಾರುವವರಿಗೆ ಈ ರಕ್ಷಣೆಯಿಲ್ಲ.

ಕ್ಯಾನ್ಸರ್ ರೋಗಿಯ ಮಾರ್ಫಿನ್ ಕಸಿಯಬೇಡಿ

ಇಷ್ಟು ಓದಿದ ಮೇಲೆ ಯಾರಾದರೂ ಅಜ್ಜನ ಮಾರ್ಫಿನ್ ಗುಳಿಗೆಯನ್ನು ಚರಂಡಿಗೆ ಎಸೆದರೆ ಈ ಸೂಚನೆ ಬರೆದದ್ದೇ ದಂಡ. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್‌ನಷ್ಟು ಉಪಕಾರಿ ಔಷಧ ಕಡಿಮೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಗಂಟೆಗೆ ಕೊಡಿ. ನೋವು ಬಂದ ಮೇಲೆ ಕೊಡೋಣ ಎಂದು ಕಾಯಬೇಡಿ. "ಚಟ ಹತ್ತಿಬಿಡ್ತದೆ" ಎಂದು ರಾತ್ರಿಯ ಗುಳಿಗೆ ತಪ್ಪಿಸಬೇಡಿ. "ಮಾರ್ಫಿನ್ ಬಂತೆಂದರೆ ಮುಗೀತು" ಎಂದು ರೋಗಿಯ ಮುಂದೆ ಅಳಬೇಡಿ. ಅದು ಸಾವಿನ ಚೀಟಿಯಲ್ಲ, ರಾತ್ರಿ ನಿದ್ದೆ ಮಾಡಲು, ಎರಡು ತುತ್ತು ಉಣ್ಣಲು ಇರುವ ಮದ್ದು.

ಒಂದು ಕಾಲದಲ್ಲಿ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸುಗಳಿಗೆ ಅಲೆಯಬೇಕಿತ್ತು. 2014ರ ತಿದ್ದುಪಡಿಯ ನಂತರ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಈ ಆರನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ ನಿಯಮ ಸರಳ ಮಾಡಿದರು. ಆದರೂ ಜಿಲ್ಲೆಯ ಕೇಂದ್ರದಲ್ಲಿ ಅದನ್ನು ಹುಡುಕುವ ಪಾಡು ರೋಗಿಯ ಮನೆಯವರಿಗೇ ಗೊತ್ತು. ಸುಲಭವಾಗಿ ಸಿಗಬಾರದ ಟ್ರಮಡಾಲ್ ಸಿಗುತ್ತದೆ, ಸಿಗಲೇಬೇಕಾದ ಮಾರ್ಫಿನ್ನಿಗೆ ಬೆಂಗಳೂರಿಗೆ ರೈಲು ಹತ್ತಬೇಕು. ಇದು ತಲೆಕೆಳಗಾದ ವ್ಯವಸ್ಥೆ. ಹಿಂದೆ ವಿಮ್ಸ್ ಎನ್ನುತ್ತಿದ್ದ ಬಳ್ಳಾರಿ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ ಮುಂದಿನ ಭೇಟಿಯವರೆಗಿನ ಗುಳಿಗೆ ಮತ್ತು ಚೀಟಿ ಎರಡನ್ನೂ ಕೇಳಿ ಪಡೆಯಿರಿ.

ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಕೊಟ್ಟಿದ್ದರೆ ಇನ್ನೊಂದು ಎಚ್ಚರ. ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣ. ಮೈ ಬಿಸಿಯಾದರೆ ಪಟ್ಟಿಯಿಂದ ಔಷಧ ಬೇಗ ರಕ್ತಕ್ಕೆ ಇಳಿಯುತ್ತದೆ. ಬಿಸಿನೀರಿನ ಚೀಲ ಇಡಬೇಡಿ, ಮಧ್ಯಾಹ್ನದ ಬಿಸಿಲಲ್ಲಿ, ಕಾದ ತಗಡಿನ ಕೆಳಗೆ ಮಲಗಿಸಬೇಡಿ, ಜೋರು ಜ್ವರ ಬಂದರೆ ವೈದ್ಯರಿಗೆ ಫೋನ್ ಮಾಡಿ. ತೆಗೆದ ಪಟ್ಟಿಯಲ್ಲೂ ಬಹಳಷ್ಟು ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ ಹರಿಯಬಿಡಿ, ಮೊಮ್ಮಕ್ಕಳು ಸ್ಟಿಕ್ಕರ್ ಎಂದು ಎತ್ತಿಕೊಳ್ಳದಿರಲಿ.

ಮೆಡಿಕಲ್ ಶಾಪಿನವರಿಗೆ

ನಿಮಗೆ ನಿಯಮ ಗೊತ್ತು, ನೆನಪಿಸುತ್ತಿದ್ದೇನೆ ಅಷ್ಟೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧ ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು, ಮೂರು ವರ್ಷ ಇಡಬೇಕು. ಟ್ರಮಡಾಲ್, ಕೊಡೀನ್, ಪೆಂಟಜೋಸಿನ್, ಬ್ಯುಪ್ರೆನಾರ್ಫಿನ್ ಅದರಲ್ಲಿವೆ. ಹಳೇ ಚೀಟಿಗೆ ಮತ್ತೆ ಮತ್ತೆ ಕೊಡಬೇಡಿ. "ಅಣ್ಣಾ, ಒಂದೇ ಪಟ್ಟಿ" ಎನ್ನುವ ಪರಿಚಯದ ಹುಡುಗನಿಗೂ ಕೊಡಬೇಡಿ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಇದನ್ನು ತಿಳಿಸುವ ಹೊಣೆ ಮಾಲೀಕರದ್ದು.

ಚಟ ಬಿಡಿಸುವಾಗ

ಹೊಡೆಯಬೇಡಿ. ಕಟ್ಟಿಹಾಕಬೇಡಿ. ಕೋಣೆಯಲ್ಲಿ ಕೂಡಿಹಾಕಿ "ಮೂರು ದಿನ ಒದ್ದಾಡಿದರೆ ತಾನೇ ಬಿಡ್ತಾನೆ" ಎನ್ನಬೇಡಿ.

ಗುಳಿಗೆ ತಪ್ಪಿದ 8ರಿಂದ 24 ಗಂಟೆಯಲ್ಲಿ ಆಕಳಿಕೆ, ಕಣ್ಣು-ಮೂಗಲ್ಲಿ ನೀರು, ರೋಮಾಂಚ, ಭೇದಿ, ವಾಂತಿ, ಕಾಲು ಸೆಳೆತ, ನಿದ್ದೆಗೇಡು ಶುರುವಾಗುತ್ತವೆ. ಇದು ನಾಟಕವಲ್ಲ. ಇಷ್ಟು ದಿನ ಒಪಿಯಾಯ್ಡ್ ಅದುಮಿಟ್ಟಿದ್ದ ಮಿದುಳಿನ ನಾರಡ್ರಿನಲಿನ್ ಕೇಂದ್ರ ಈಗ ತಡೆಯಿಲ್ಲದೆ ಎದ್ದಿದೆ. ಎರಡು ಮೂರನೆಯ ದಿನ ಅತಿ ಜೋರು, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗದು, ಆದರೆ ಭೇದಿ-ವಾಂತಿಯಿಂದ ನೀರು ಬತ್ತಿದರೆ ಅಪಾಯ. ಚಿಕಿತ್ಸೆಯಿದ್ದರೆ ಈ ಯಾತನೆ ಅನುಭವಿಸಬೇಕಾಗಿಯೇ ಇಲ್ಲ.

ಅಪಾಯ ಇರುವುದು ಬಿಟ್ಟ ಮೇಲೆ. ಕೆಲವೇ ವಾರಗಳಲ್ಲಿ ದೇಹ ತನ್ನ ರೂಢಿ ಮರೆಯುತ್ತದೆ. ಡಿ-ಅಡಿಕ್ಷನ್ ಕೇಂದ್ರದಿಂದಲೋ ಜೈಲಿನಿಂದಲೋ ಬಂದವನು ಒಂದು ದಿನ ಹಳೇ ಗೆಳೆಯರ ಜೊತೆ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಬಿಡಿಸಿ ತಂದಿದ್ದೇವೆ ಎಂದು ಮನೆಯವರು ನಿರಾಳರಾಗುವ ವಾರಗಳೇ ಹೆಚ್ಚು ಕಣ್ಣಿಡಬೇಕಾದ ವಾರಗಳು.

ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಟ್ಟರೆ "ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸಿದರು" ಎಂದು ನಿಲ್ಲಿಸಬೇಡಿ. ಬ್ಯುಪ್ರೆನಾರ್ಫಿನ್ ಗ್ರಾಹಕವನ್ನು ಅರ್ಧ ಮಾತ್ರ ಎಬ್ಬಿಸುತ್ತದೆ, ಒಂದು ಹಂತದ ಮೇಲೆ ಉಸಿರನ್ನು ಹೆಚ್ಚು ತಗ್ಗಿಸುವುದಿಲ್ಲ. ಈ ಚಿಕಿತ್ಸೆಯಲ್ಲಿ ಉಳಿದವರು ಸಾಯುವ ಸಂಭವ ತೀರ ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಅನುಭವ. ಸಕ್ಕರೆ ಕಾಯಿಲೆಯವರು ವರ್ಷಗಟ್ಟಲೆ ಗುಳಿಗೆ ನುಂಗಿದರೆ ನಾವು ಆಡಿಕೊಳ್ಳುತ್ತೇವೆಯೇ?

ಖಾಸಗಿ ಡಿ-ಅಡಿಕ್ಷನ್ ಕೇಂದ್ರಕ್ಕೆ ಸೇರಿಸುವ ಮುನ್ನ ನೋಂದಣಿ ಪತ್ರ ಕೇಳಿ, ವೈದ್ಯರು ಯಾರು ಎಂದು ಕೇಳಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ. ಮನೆಯವರನ್ನು ತಿಂಗಳುಗಟ್ಟಲೆ ಭೇಟಿಗೆ ಬಿಡದ ಕೇಂದ್ರಕ್ಕೆ ಹಣ ಕಟ್ಟಬೇಡಿ.

ಸರ್ಕಾರಿ ದಾರಿಯನ್ನು ಮೊದಲು ನೋಡಿ ಎನ್ನಲು ಬಳ್ಳಾರಿಯವರಿಗೆ ವಿಶೇಷ ಕಾರಣವಿದೆ. ಮನೋಚಿಕಿತ್ಸೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರವಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು ಎಂಬ ಯೋಜನೆಯನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದ ನಡುವಿನಲ್ಲಿ ಪರೀಕ್ಷಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಅದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಅದರ ಮೇಲೆ. ಹಾಗಾಗಿ ಸಿರುಗುಪ್ಪ, ಕುರುಗೋಡಿನವರು ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಎಂದು ಕೇಳಿಕೊಂಡು ಹೋಗಿ. ಬ್ರೂಸ್‌ಪೇಟೆಯವರಿಗೆ ವೈದ್ಯಕೀಯ ಕಾಲೇಜಿನ ಮನೋರೋಗ ವಿಭಾಗ ಊರಲ್ಲೇ ಇದೆ.

ದುಬೈಗೆ ಹೋಗುವವರಿಗೆ ಒಂದು ಮಾತು

ಗಸಗಸೆ ಪಾಯಸ ಉಣ್ಣಿ, ಅಡ್ಡಿಯಿಲ್ಲ. ಅದು ಅಫೀಮಿನ ಗಿಡದ್ದೇ ಬೀಜವಾದರೂ ಶುಚಿ ಮಾಡಿದ ಬೀಜದಲ್ಲಿ ಅಮಲಿನ ಅಂಶ ಗಣನೆಗೆ ಬಾರದಷ್ಟು. ಆದರೆ ಮಗಳ ಬಾಣಂತನಕ್ಕೆಂದು ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಹೋಗುವಾಗ ಗಸಗಸೆ ಡಬ್ಬಿ ಒಯ್ಯಬೇಡಿ, ಅಲ್ಲಿ ಅದು ನಿಷಿದ್ಧ. ಟ್ರಮಡಾಲ್, ಕೊಡೀನ್ ಗುಳಿಗೆಗಳನ್ನೂ ಮುಂಚಿತ ಅನುಮತಿ ಇಲ್ಲದೆ ಚೀಲಕ್ಕೆ ಹಾಕಬೇಡಿ.

ಗೋಡೆಗೆ ಅಂಟಿಸಬೇಕಾದ ಸಂಖ್ಯೆಗಳು

ಉಸಿರು ನಿಧಾನವಾದರೆ, ಎಚ್ಚರ ತಪ್ಪಿದರೆ 108. ಚಟ ಬಿಡಿಸಲು ಸಲಹೆ ಬೇಕಿದ್ದರೆ 14446. ಮನಸ್ಸಿನ ಯಾವುದೇ ಸಂಕಟಕ್ಕೆ ಕನ್ನಡದಲ್ಲೇ ಮಾತಾಡಲು ಟೆಲಿ-ಮಾನಸ್ 14416. ಮಾರುವವರ ಸುದ್ದಿ ಕೊಡಲು 1933. ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗಡಿಯಾರದ ಕೆಳಗೆ ಅಂಟಿಸಿ, ಓದು ಬಾರದ ಹಿರಿಯರಿಗೆ ಮೊಬೈಲಿನಲ್ಲಿ 108 ಒತ್ತುವುದನ್ನು ಇವತ್ತೇ ಕಲಿಸಿ.